ಅಡ್ಜಾಯಿಂಟ್ ಲೆಕ್ಕ ಸಿಡಿದಾಗ ಮೊದಲು ಏನನ್ನು ನೋಡಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಹರಿವಿನ ಸಿಮ್ಯುಲೇಷನ್ ಬಳಸಿ ಆಕಾರ ತಿದ್ದುವವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ಅಡ್ಜಾಯಿಂಟ್ ಲೆಕ್ಕ ಡೈವರ್ಜ್ ಆಗುತ್ತಿದೆ, ಅಂದರೆ ಬೆಲೆಗಳು ನೆಲೆಗೊಳ್ಳದೆ ಏರುತ್ತಲೇ ಹೋಗುತ್ತಿವೆ. ಹೊಸಬರಿಗಾಗಿ ಎರಡು ಮಾತು. ಆಕಾರವನ್ನು ನಿರ್ಧರಿಸುವ ಅಂಶಗಳು ಹತ್ತೇ ಇರಲಿ, ಹತ್ತು ಲಕ್ಷವೇ ಇರಲಿ, ಪ್ರತಿಯೊಂದನ್ನೂ ಎತ್ತ ಸರಿಸಿದರೆ ಒತ್ತಡ ನಷ್ಟ ಅಥವಾ ಡ್ರ್ಯಾಗ್ ಎಷ್ಟು ಬದಲಾಗುತ್ತದೆ ಎಂಬುದನ್ನು, ಅಂದರೆ ಗ್ರೇಡಿಯೆಂಟ್ ಅನ್ನು, ಒಂದೇ ಒಂದು ಹೆಚ್ಚುವರಿ ಲೆಕ್ಕದಿಂದ ತಿಳಿಯುವ ವಿಧಾನ ಇದು. ದ್ರವಚಲನೆಯಲ್ಲಿ ಇದಕ್ಕೆ ದಾರಿ ಹಾಕಿದ್ದು 1974ರಲ್ಲಿ ಪಿರೊನೊ ಅವರ ಕೆಲಸ. ವಿಮಾನದ ರೆಕ್ಕೆಗಳ ವಿನ್ಯಾಸಕ್ಕೆ ಅದನ್ನು ತಂದವರು 1988ರಲ್ಲಿ ಜೇಮ್ಸನ್. ಮೂಲ ಹರಿವಿನ ಲೆಕ್ಕವನ್ನು ಕೆಳಗೆ ‘ಪ್ರೈಮಲ್’ ಎಂದೇ ಕರೆದಿದ್ದೇವೆ.

ಪ್ರಶ್ನೆ: ಎಸಿ ಡಕ್ಟ್‌ನ ತಿರುವಿನಲ್ಲಿ ಒತ್ತಡ ನಷ್ಟ ತಗ್ಗಿಸಲು ಓಪನ್‌ಫೋಮ್ ಎಂಬ ಹರಿವಿನ ಸಿಮ್ಯುಲೇಷನ್ ತಂತ್ರಾಂಶದ ಅಡ್ಜಾಯಿಂಟ್‌ಶೇಪ್‌ಆಪ್ಟಿಮೈಸೇಷನ್‌ಫೋಮ್ ಸಾಲ್ವರ್ ಬಳಸುತ್ತಿದ್ದೇನೆ. ಡಕ್ಟ್ ಅಗಲ 80 ಮಿ.ಮೀ., ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್. ಬರೀ ಹರಿವನ್ನು ಲೆಕ್ಕ ಹಾಕುವ ಸಿಂಪಲ್‌ಫೋಮ್‌ನಲ್ಲಿ ಇದೇ ಕೇಸ್ ಸಲೀಸಾಗಿ ಕನ್ವರ್ಜ್ ಆಗುತ್ತದೆ (ಉತ್ತರ ನೆಲೆಗೊಳ್ಳುತ್ತದೆ). ಇಲ್ಲಿ ಮಾತ್ರ ನೂರೈವತ್ತು ಇಟರೇಷನ್ ದಾಟುತ್ತಿದ್ದಂತೆ ಅಡ್ಜಾಯಿಂಟ್ ಒತ್ತಡ ‘ಪಿಎ’ ಮಿತಿಯಿಲ್ಲದೆ ಏರಿ ರನ್ ನಿಂತುಬಿಡುತ್ತದೆ. ಲ್ಯಾಂಬ್ಡಾ, ಆಲ್ಫಾಮ್ಯಾಕ್ಸ್ ಎಂಬ ಎರಡು ಸೆಟ್ಟಿಂಗ್‌ಗಳೂ ಸಾಲ್ವರ್ ಜೊತೆ ಬರುವ ಪಿಟ್ಸ್‌ಡೈಲಿ ಟ್ಯುಟೋರಿಯಲ್‌ನಲ್ಲಿ ಇದ್ದ ಹಾಗೇ ಇವೆ.
— ವಿನ್ಯಾಸ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ತೊಂದರೆ ಆ ಎರಡು ಸಂಖ್ಯೆಗಳಲ್ಲೇ ಇದೆ. ಈ ಸಾಲ್ವರ್‌ನ ಹೆಸರಿನಲ್ಲಿ ‘ಶೇಪ್’ ಎಂದಿದ್ದರೂ ಅದು ಗೋಡೆಯನ್ನು ಸರಿಸುವುದಿಲ್ಲ. ಲೆಕ್ಕಕ್ಕಾಗಿ ಹರಿವಿನ ಜಾಗವನ್ನು ಸೆಲ್ ಎಂಬ ಸಣ್ಣ ತುಣುಕುಗಳ ಬಲೆಯಾಗಿ (ಮೆಶ್) ಕತ್ತರಿಸಿರುತ್ತಾರಲ್ಲ, ಹರಿವಿಗೆ ಅಡ್ಡಿಯಾದ ಅಂಥ ಸೆಲ್‌ಗಳಲ್ಲಿ ಆಲ್ಫಾ ಎಂಬ ತಡೆಯನ್ನು, ಆಲ್ಫಾಮ್ಯಾಕ್ಸ್ ಎಂಬ ಗರಿಷ್ಠ ಮಿತಿಯವರೆಗೆ, ತುಂಬುತ್ತಾ ಹೋಗುತ್ತದೆ. ಆಲ್ಫಾದ ಮಾನ ‘ಪ್ರತಿ ಸೆಕೆಂಡಿಗೆ’. ಹಾಗಾಗಿ ಅದು ದೊಡ್ಡದೋ ಚಿಕ್ಕದೋ ಎಂದು ಹೇಳಬೇಕಾದರೆ ವೇಗವನ್ನು ಉದ್ದದಿಂದ ಭಾಗಿಸಿ ಬರುವ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ಪಿಟ್ಸ್‌ಡೈಲಿಯಲ್ಲಿ ವೇಗ 10, ಮೆಟ್ಟಿಲಿನ ಎತ್ತರ 25.4 ಮಿ.ಮೀ.; ಭಾಗಿಸಿದರೆ ಸುಮಾರು 394. ಅಲ್ಲಿನ ಆಲ್ಫಾಮ್ಯಾಕ್ಸ್ 200 ಅದರ ಅರ್ಧದಷ್ಟು. ನಿಮ್ಮಲ್ಲಿ 2 ಭಾಗಿಸು 0.08, ಅಂದರೆ 25. ಅದೇ 200 ನಿಮ್ಮ ಕೇಸ್‌ನಲ್ಲಿ ಎಂಟು ಪಟ್ಟು. ಟ್ಯುಟೋರಿಯಲ್‌ಗಿಂತ ಹದಿನಾರು ಪಟ್ಟು ಬಲವಾದ ತಡೆಯನ್ನು ನೀವು ಮೊದಲ ಇಟರೇಷನ್‌ನಿಂದಲೇ ಹಾಕುತ್ತಿದ್ದೀರಿ.

ಇನ್ನು ಲ್ಯಾಂಬ್ಡಾ. ಪ್ರತಿ ಇಟರೇಷನ್‌ನಲ್ಲಿ ಸಾಲ್ವರ್ ಹಳೆಯ ಆಲ್ಫಾಗೆ, ಲ್ಯಾಂಬ್ಡಾದಿಂದ ಗುಣಿಸಿದ ಹರಿವಿನ ವೇಗ ‘ಯು’ ಮತ್ತು ಅಡ್ಜಾಯಿಂಟ್ ವೇಗ ‘ಯುಎ’ಗಳ ಡಾಟ್ ಗುಣಲಬ್ಧವನ್ನು ಕೂಡಿಸುತ್ತದೆ, ಬಂದದ್ದನ್ನು ಸೊನ್ನೆ ಮತ್ತು ಆಲ್ಫಾಮ್ಯಾಕ್ಸ್ ನಡುವೆ ಕತ್ತರಿಸಿ, ರಿಲ್ಯಾಕ್ಸೇಷನ್ ಅಂಶದಷ್ಟು ಆ ಕಡೆ ಸರಿಯುತ್ತದೆ. ಎರಡೂ ವೇಗಗಳು 2ರ ಆಸುಪಾಸಿನಲ್ಲಿದ್ದರೆ ಗುಣಲಬ್ಧ 4. ಅದನ್ನು ಟ್ಯುಟೋರಿಯಲ್‌ನ ಲ್ಯಾಂಬ್ಡಾ 10⁵ರಿಂದ ಗುಣಿಸಿದರೆ ನಾಲ್ಕು ಲಕ್ಷ. ಗರಿಷ್ಠ ಮಿತಿ ಇರುವುದೋ 200. ಅಂದಮೇಲೆ ಗ್ರೇಡಿಯೆಂಟ್‌ನ ಪರಿಮಾಣಕ್ಕೆ ಬೆಲೆಯೇ ಉಳಿಯಲಿಲ್ಲ, ಚಿಹ್ನೆಯಷ್ಟೇ ಉಳಿಯಿತು. ರಿಲ್ಯಾಕ್ಸೇಷನ್ 0.1 ಇದ್ದರೆ ಮೊದಲ ಇಟರೇಷನ್‌ನಲ್ಲಿ ಆಲ್ಫಾ 20, ಎರಡನೆಯದರಲ್ಲಿ 38, ಹತ್ತನೆಯದರ ಹೊತ್ತಿಗೆ 130. ಹರಿವು ಇನ್ನೂ ಹೊಂದಿಕೊಂಡಿರುವುದಿಲ್ಲ, ಅಷ್ಟರಲ್ಲೇ ಸೆಲ್ ಮುಚ್ಚಿಹೋಗಿರುತ್ತದೆ. ಮುಚ್ಚಿದ್ದರಿಂದ ಗುಣಲಬ್ಧದ ಚಿಹ್ನೆ ತಿರುಗುತ್ತದೆ, ಸೆಲ್ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಈ ಹೊಯ್ದಾಟದ ಪೆಟ್ಟು ಮೊದಲು ಬೀಳುವುದು ಪಿಎ ಮೇಲೆ.

ಹೀಗೆ ಮಾಡಿ. ಮೊದಲು ಲ್ಯಾಂಬ್ಡಾವನ್ನು 0 ಇಟ್ಟು ರನ್ ಮಾಡಿ. ಆಗ ಆಲ್ಫಾ ಅಲುಗುವುದಿಲ್ಲ. ಪ್ರೈಮಲ್ ಮತ್ತು ಅಡ್ಜಾಯಿಂಟ್ ಎರಡೇ ಓಡುತ್ತವೆ. ಎರಡರ ರೆಸಿಡ್ಯುಯಲ್‌ಗಳೂ (ಸಮೀಕರಣದಲ್ಲಿ ಇನ್ನೂ ಉಳಿದಿರುವ ದೋಷ) 10⁻⁵ಕ್ಕಿಂತ ಕೆಳಗಿಳಿಯಬೇಕು. ಇಲ್ಲೇ ಪಿಎ ಸಿಡಿದರೆ ದೋಷ ಆಲ್ಫಾದ್ದಲ್ಲ. ಮುಂದಿನ ಎರಡು ಉತ್ತರಗಳನ್ನು ಓದಿ. ಇಳಿದರೆ ರನ್ ನಿಲ್ಲಿಸಿ. ಲ್ಯಾಂಬ್ಡಾ ಪ್ರತಿ ಇಟರೇಷನ್‌ನಲ್ಲೂ ಓದಲ್ಪಡುತ್ತದೆ, ಆದರೆ ಆಲ್ಫಾಮ್ಯಾಕ್ಸ್ ರನ್‌ನ ಆರಂಭದಲ್ಲಿ ಒಮ್ಮೆ ಮಾತ್ರ ಓದಲ್ಪಡುವುದರಿಂದ, ಬದಲಿಸಿದ ಮೇಲೆ ಕೊನೆಯ ಫಲಿತಾಂಶದಿಂದ ಮತ್ತೆ ಶುರು ಮಾಡಲೇಬೇಕು. ಈಗ ಆಲ್ಫಾಮ್ಯಾಕ್ಸ್ 12.5 ಇಡಿ. ಲ್ಯಾಂಬ್ಡಾವನ್ನು, ಗುಣಲಬ್ಧದ ಗರಿಷ್ಠ ಬೆಲೆಯಿಂದ ಗುಣಿಸಿದಾಗ ಆಲ್ಫಾಮ್ಯಾಕ್ಸ್‌ನ ಇಪ್ಪತ್ತನೇ ಒಂದು ಭಾಗ ಬರುವಂತೆ ಆರಿಸಿ. ನಿಮ್ಮ ಲೆಕ್ಕಕ್ಕೆ ಅದು ಸುಮಾರು 0.16. ಹೌದು, 10⁵ ಎಲ್ಲಿ, 0.16 ಎಲ್ಲಿ! ಆಲ್ಫಾದ ರಿಲ್ಯಾಕ್ಸೇಷನ್ 0.05 ಸಾಕು, ಯುಎಗೆ 0.3, ಪಿಎಗೆ 0.1ರಿಂದ 0.2. ಯುಎಯ ಕನ್ವೆಕ್ಷನ್ ಸ್ಕೀಮ್ ಆರಂಭದಲ್ಲಿ ಬೌಂಡೆಡ್ ಗಾಸ್ ಅಪ್‌ವಿಂಡ್ ಇರಲಿ.

ಆಲ್ಫಾ ನೆಲೆಗೊಂಡ ಮೇಲೆ ಆಲ್ಫಾಮ್ಯಾಕ್ಸ್ ಅನ್ನು 50, 200, 800, 2500 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಲ್ಯಾಂಬ್ಡಾವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿ. 2500 ಏಕೆಂದರೆ, ತಡೆಯ ಮೂಲಕ ಸೋರುವ ವೇಗ ಹೆಚ್ಚುಕಡಿಮೆ ವೇಗ-ಉದ್ದದ ಅನುಪಾತವನ್ನು ಆಲ್ಫಾದಿಂದ ಭಾಗಿಸಿದಷ್ಟಿರುತ್ತದೆ. ಸೋರಿಕೆ ನೂರಕ್ಕೆ ಒಂದಕ್ಕೆ ಇಳಿಯಬೇಕಾದರೆ ಆಲ್ಫಾ ಆ ಅನುಪಾತದ ನೂರು ಪಟ್ಟು ಬೇಕು. ಇದೇ ಲೆಕ್ಕದಲ್ಲಿ ನೋಡಿದರೆ ಟ್ಯುಟೋರಿಯಲ್‌ನ 200 ಅಲ್ಲಿ ಕೂಡ ನಿಜವಾದ ಗೋಡೆಯನ್ನು ಕಟ್ಟುವುದಿಲ್ಲ. ಸಾಲ್ವರ್ ಹೇಗೆ ಓಡುತ್ತದೆ ಎಂದು ತೋರಿಸಲು ಅಷ್ಟು ಸಾಕು, ವಿನ್ಯಾಸಕ್ಕೆ ಸಾಲದು.

ಕೊನೆಯಲ್ಲಿ ಆಲ್ಫಾಮ್ಯಾಕ್ಸ್‌ನ ಅರ್ಧ ಬೆಲೆಯ ಮೇಲ್ಮೈಯನ್ನು ಹೊರತೆಗೆದು, ಹೊಸ ಮೆಶ್ ಮಾಡಿ, ಸಿಂಪಲ್‌ಫೋಮ್‌ನಲ್ಲಿ ಒತ್ತಡ ನಷ್ಟವನ್ನು ಮತ್ತೆ ಅಳೆಯಿರಿ. ಟರ್ಬುಲೆನ್ಸ್ ಮಾಡೆಲ್‌ಗೆ ಆಲ್ಫಾದ ಗೋಡೆ ಗೋಡೆಯೆಂದೇ ಗೊತ್ತಿರುವುದಿಲ್ಲ. ಈ ಮರು ಅಳತೆ ಇಲ್ಲದೆ ಬಂದ ಲಾಭದ ಅಂಕಿಯನ್ನು ಯಾರಿಗೂ ತೋರಿಸಬೇಡಿ.

ಪ್ರಶ್ನೆ: ಒಂದು ಮೊಂಡು ವಸ್ತುವಿನ ಸುತ್ತಲಿನ ಹರಿವಿಗೆ ಅಡ್ಜಾಯಿಂಟ್ ಲೆಕ್ಕ ಮಾಡುತ್ತಿದ್ದೇನೆ. ಪ್ರೈಮಲ್ ರೆಸಿಡ್ಯುಯಲ್ 10⁻³ರಲ್ಲಿ ನಿಂತು ಏರಿಳಿಯುತ್ತದೆ, ಆದರೆ ಡ್ರ್ಯಾಗ್ ಶೇಕಡಾ 2ರ ಒಳಗೇ ಇರುವುದರಿಂದ ಅದನ್ನು ಒಪ್ಪಿಕೊಂಡಿದ್ದೆ. ಅಡ್ಜಾಯಿಂಟ್ ಮೊದಲ 400 ಇಟರೇಷನ್ ಚೆನ್ನಾಗಿ ಇಳಿದು, ಆಮೇಲೆ ನಿಧಾನವಾಗಿ ಏರತೊಡಗಿ ಸಿಡಿಯುತ್ತದೆ. ರಿಲ್ಯಾಕ್ಸೇಷನ್ ಎಷ್ಟೇ ತಗ್ಗಿಸಿದರೂ ಸಿಡಿಯುವ ಹೊತ್ತು ಮುಂದೆ ಹೋಗುತ್ತದೆ ಅಷ್ಟೇ.
— ಸಂಶೋಧನಾ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ರೋಗಲಕ್ಷಣ ಸ್ಪಷ್ಟವಾಗಿದೆ. ಪ್ರೈಮಲ್ ಸ್ಥಿರ ಉತ್ತರಕ್ಕೆ ಬಂದಿಲ್ಲ. ಅದು ಒಂದು ಆವರ್ತದಲ್ಲಿ ಸುತ್ತುತ್ತಿದೆ. ಅಲ್ಲಿ ಸಿಡಿಯದಿರಲು ಕಾರಣ ಅದರ ಸಮೀಕರಣ ನಾನ್‌ಲೀನಿಯರ್ ಆಗಿರುವುದು. ಏರುಪೇರು ಬೆಳೆದಂತೆ ಹರಿವೇ ಬದಲಾಗಿ ಬೆಳವಣಿಗೆಗೆ ತಾನೇ ಕಡಿವಾಣ ಹಾಕುತ್ತದೆ. ಅಡ್ಜಾಯಿಂಟ್ ಸಮೀಕರಣ ಲೀನಿಯರ್. ಅದರ ಗುಣಾಂಕಗಳು ನೀವು ಪ್ರೈಮಲ್ ನಿಲ್ಲಿಸಿದ ಕ್ಷಣದ ಹರಿವಿನಿಂದ ಬಂದು ಅಲ್ಲಿಗೇ ಗಟ್ಟಿಯಾಗಿರುತ್ತವೆ, ಕಡಿವಾಣ ಹಾಕುವವರು ಯಾರೂ ಇಲ್ಲ.

ಎರಡೂ ಲೆಕ್ಕಗಳ ಇಟರೇಷನ್ ಮ್ಯಾಟ್ರಿಕ್ಸ್‌ಗಳು ಒಂದಕ್ಕೊಂದು ಟ್ರಾನ್ಸ್‌ಪೋಸ್ ಆಗಿದ್ದರೆ ಅವುಗಳ ಐಗೆನ್ ಬೆಲೆಗಳು ಒಂದೇ. ಒಂದೇ ಒಂದು ಐಗೆನ್ ಬೆಲೆಯ ಪರಿಮಾಣ 1.02 ಇದೆ ಎಂದಿಟ್ಟುಕೊಳ್ಳಿ. ಇಟರೇಷನ್‌ಗೆ ಶೇಕಡಾ 2ರಷ್ಟೇ ಬೆಳವಣಿಗೆ. ಆದರೂ ಸಾವಿರ ಇಟರೇಷನ್‌ನಲ್ಲಿ ಅದು 40 ಕೋಟಿ ಪಟ್ಟು. ಆ ಘಟಕ ಮೊದಲಿಗೆ ಅತಿ ಸಣ್ಣದಾಗಿರುವುದರಿಂದ 400 ಇಟರೇಷನ್‌ವರೆಗೆ ಉಳಿದ ಘಟಕಗಳ ಇಳಿಕೆಯೇ ನಿಮಗೆ ಕಂಡಿದೆ. ರಿಲ್ಯಾಕ್ಸೇಷನ್ ತಗ್ಗಿಸಿದರೆ 1.02 ಹೋಗಿ 1.005 ಆಗಬಹುದು, 1ಕ್ಕಿಂತ ಕೆಳಗಿಳಿಯುವುದು ಖಚಿತವಲ್ಲ.

ಇದು ನಿಜವೇ ಎಂದು ನೋಡಲು ಅಡ್ಜಾಯಿಂಟ್ ರೆಸಿಡ್ಯುಯಲ್ ಅನ್ನು ಲಾಗ್ ಅಕ್ಷದಲ್ಲಿ ಬಿಡಿಸಿ. ಏರಿಕೆ ನೇರ ಗೆರೆಯಾಗಿದ್ದರೆ ಮೇಲೆ ಹೇಳಿದ್ದೇ ಕಾರಣ. ಒಂದೆರಡು ಇಟರೇಷನ್‌ನಲ್ಲಿ ದಿಢೀರನೆ ಜಿಗಿದರೆ ಬೌಂಡರಿ ಷರತ್ತು ಅಥವಾ ಕೆಟ್ಟ ಸೆಲ್ ಕಾರಣ. ಸಿಡಿಯುವುದಕ್ಕೆ ನೂರು ಇಟರೇಷನ್ ಮೊದಲಿನ ಯುಎಯನ್ನು, ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ತೆರೆದು ದೊಡ್ಡ ಬೆಲೆಗಳು ಎಲ್ಲಿವೆ ನೋಡಿ. ವಸ್ತುವಿನ ಹಿಂದಿನ ಸುಳಿಯ ಅಂಚಿನುದ್ದಕ್ಕೂ ಹರಡಿದ್ದರೆ ಅಸ್ಥಿರತೆ ಹರಿವಿನದು. ಮೂರು ನಾಲ್ಕು ಸೆಲ್‌ಗಳಲ್ಲಷ್ಟೇ ಇದ್ದರೆ ಮೆಶ್‌ನದು. ಮೆಶ್ ಪರೀಕ್ಷಿಸುವ ಚೆಕ್‌ಮೆಶ್‌ನಲ್ಲಿ ನಾನ್‌ಆರ್ಥಾಗನಾಲಿಟಿ 70 ಡಿಗ್ರಿ ದಾಟಿದ, ಸ್ಕ್ಯೂನೆಸ್ 4 ದಾಟಿದ ಸೆಲ್‌ಗಳ ಪಟ್ಟಿಯೊಂದಿಗೆ ತಾಳೆ ಹಾಕಿ.

ಪರಿಹಾರವನ್ನು ಪ್ರೈಮಲ್‌ನಿಂದಲೇ ಶುರು ಮಾಡಿ. ಮೆಶ್ ಸರಿಪಡಿಸಿ. ಗ್ರೇಡಿಯೆಂಟ್ ಲಿಮಿಟರ್ ಇಟರೇಷನ್‌ನಿಂದ ಇಟರೇಷನ್‌ಗೆ ಆನ್-ಆಫ್ ಆಗುತ್ತಿದ್ದರೂ ರೆಸಿಡ್ಯುಯಲ್ ಹೀಗೆ ನೇತಾಡುತ್ತದೆ, ಅದನ್ನೂ ಪರೀಕ್ಷಿಸಿ. ಹರಿವು ನಿಜಕ್ಕೂ ಸುಳಿ ಬಿಡುವಂಥದ್ದಾದರೆ ಸ್ಟೆಡಿ ಲೆಕ್ಕ ನಿಲ್ಲುವುದೇ ಇಲ್ಲ. ಆಗ ಹಲವು ಆವರ್ತಗಳ ಸರಾಸರಿ ಹರಿವನ್ನು ತೆಗೆದು ಅದರ ಮೇಲೆ ಅಡ್ಜಾಯಿಂಟ್ ನಡೆಸುವುದು ವಾಡಿಕೆ. ಓಪನ್‌ಫೋಮ್‌ನ ಅಡ್ಜಾಯಿಂಟ್‌ಆಪ್ಟಿಮೈಸೇಷನ್‌ಫೋಮ್‌ನಲ್ಲಿ ಈ ಸರಾಸರಿಗೆ ಆಯ್ಕೆ ಇದೆ. ಯಾವ ಇಟರೇಷನ್‌ನಿಂದ ಸರಾಸರಿ ಶುರು ಎಂಬುದನ್ನು, ಆರಂಭದ ಏರುಪೇರು ಕಳೆದ ಮೇಲಿನದಾಗಿಡಿ. ಮೂರನೆಯ ದಾರಿ, ಸಾಲ್ವರ್ ಬದಲಿಸುವುದು. ಜಿಎಂಆರ್‌ಇಎಸ್‌ನಂಥ ಕ್ರಿಲೋವ್ ವಿಧಾನಕ್ಕೆ 1ನ್ನು ದಾಟಿದ ಬೆರಳೆಣಿಕೆಯ ಐಗೆನ್ ಬೆಲೆಗಳು ಅಡ್ಡಿಯಲ್ಲ. ಶ್ರಾಫ್ ಮತ್ತು ಕೆಲ್ಲರ್ 1993ರಲ್ಲಿ ಕೊಟ್ಟ ರಿಕರ್ಸಿವ್ ಪ್ರೊಜೆಕ್ಷನ್ ವಿಧಾನವೂ ಆ ಕೆಲವೇ ಘಟಕಗಳನ್ನು ಬೇರೆ ಮಾಡಿ ನ್ಯೂಟನ್ ವಿಧಾನದಿಂದ ಬಿಡಿಸಿ, ಉಳಿದದ್ದನ್ನು ಹಳೆಯ ಇಟರೇಷನ್‌ಗೇ ಬಿಡುತ್ತದೆ.

ಇನ್ನು ಎಲ್ಲರ ಕೈ ಮೊದಲು ಹೋಗುವ ಎಟಿಸಿ ಪದ, ಅಂದರೆ ಅಡ್ಜಾಯಿಂಟ್ ಟ್ರಾನ್ಸ್‌ಪೋಸ್ ಕನ್ವೆಕ್ಷನ್. ಸಮೀಕರಣದಲ್ಲಿ ಅದು ಎಕ್ಸ್‌ಪ್ಲಿಸಿಟ್ ಸೋರ್ಸ್ ಆಗಿ ಕೂರುವುದರಿಂದ, ವೇಗ ಥಟ್ಟನೆ ಬದಲಾಗುವ ಗೋಡೆಯ ಪಕ್ಕದಲ್ಲಿ ಅಡ್ಜಾಯಿಂಟ್ ಅನ್ನು ಕೆಡಿಸುವುದು ನಿಜ. ಅಥೆನ್ಸ್‌ನ ನ್ಯಾಷನಲ್ ಟೆಕ್ನಿಕಲ್ ಯೂನಿವರ್ಸಿಟಿಯ ತಂಡ ಬರೆದು ಓಪನ್‌ಫೋಮ್ ವಿ1906ರಲ್ಲಿ ಬಂದ ಅಡ್ಜಾಯಿಂಟ್‌ಆಪ್ಟಿಮೈಸೇಷನ್‌ಫೋಮ್‌ನಲ್ಲಿ ಅದನ್ನು ಪಳಗಿಸಲು ಹಲವು ಗುಂಡಿಗಳಿವೆ. ಒತ್ತುವ ಕ್ರಮ ಮಾತ್ರ ಮುಖ್ಯ. ಮೊದಲು ಎಕ್ಸ್‌ಟ್ರಾಕನ್ವೆಕ್ಷನ್: ಕನ್ವೆಕ್ಷನ್ ಪದವನ್ನು ಇಂಪ್ಲಿಸಿಟ್ ಆಗಿ ಕೂಡಿಸಿ ಎಕ್ಸ್‌ಪ್ಲಿಸಿಟ್ ಆಗಿ ಕಳೆಯುವುದರಿಂದ ಕನ್ವರ್ಜ್ ಆದ ಉತ್ತರದಲ್ಲಿ ಅದು ಹೆಚ್ಚುಕಡಿಮೆ ರದ್ದಾಗುತ್ತದೆ. ಅದು ಸಾಲದಿದ್ದರೆ ಗೋಡೆಗೆ ಅಂಟಿದ ಸೆಲ್‌ಗಳಲ್ಲಿ ಮಾತ್ರ ಎಟಿಸಿಯನ್ನು ಸೊನ್ನೆ ಮಾಡಿ, ಎನ್‌ಸ್ಮೂತ್‌ನಿಂದ ಅಂಚನ್ನು ನಯಗೊಳಿಸಿ. ಎಟಿಸಿಯನ್ನು ಪೂರ್ತಿ ತೆಗೆದುಹಾಕುವ ‘ಕ್ಯಾನ್ಸಲ್’ ಆಯ್ಕೆ ಎಲ್ಲಕ್ಕಿಂತ ಸುಲಭವಾಗಿ ಕನ್ವರ್ಜ್ ಆಗುತ್ತದೆ. ನಮ್ಮ ಆತಂಕ ಇರುವುದೇ ಅಲ್ಲಿ. ಆಗ ನೀವು ಬಿಡಿಸುತ್ತಿರುವುದು ಬೇರೆಯೇ ಸಮೀಕರಣ. ಸಿಡಿದ ಅಡ್ಜಾಯಿಂಟ್ ತಾನು ತಪ್ಪು ಎಂದು ಕೂಗಿ ಹೇಳುತ್ತದೆ. ತಪ್ಪು ಗ್ರೇಡಿಯೆಂಟ್ ಕೊಟ್ಟು ಸುಮ್ಮನೆ ಕನ್ವರ್ಜ್ ಆದ ಅಡ್ಜಾಯಿಂಟ್ ಏನನ್ನೂ ಹೇಳುವುದಿಲ್ಲ, ವಾರಗಟ್ಟಲೆ ಕ್ಲಸ್ಟರ್ ಸಮಯವನ್ನು ತಿಂದುಹಾಕುತ್ತದೆ.

ಪ್ರಶ್ನೆ: ನನ್ನ ಕೇಸ್‌ನಲ್ಲಿ ದೊಡ್ಡ ಯುಎ ಬೆಲೆಗಳು ಯಾವಾಗಲೂ ಔಟ್‌ಲೆಟ್‌ನಲ್ಲೇ ಹುಟ್ಟುತ್ತವೆ. ಅಲ್ಲಿ ಸ್ವಲ್ಪ ಹಿಮ್ಮುಖ ಹರಿವಿದೆ. ಪ್ರೈಮಲ್ ಅದನ್ನು ಸಹಿಸಿಕೊಳ್ಳುತ್ತದೆ.
— ಪಂಪ್ ತಯಾರಿಕಾ ಘಟಕದ ಎಂಜಿನಿಯರ್, ಬೆಳಗಾವಿ

ಉತ್ತರ: ಅಡ್ಜಾಯಿಂಟ್‌ನಲ್ಲಿ ಮಾಹಿತಿ ಹರಿಯುವುದು ಹಿಂದಕ್ಕೆ, ಔಟ್‌ಲೆಟ್‌ನಿಂದ ಇನ್‌ಲೆಟ್ ಕಡೆಗೆ. ಹಾಗಾಗಿ ಔಟ್‌ಲೆಟ್‌ನ ಒಂದು ಕೆಟ್ಟ ಸೆಲ್ ಇಡೀ ಡೊಮೇನ್‌ಗೆ ವಿಷ ಕಳಿಸುತ್ತದೆ. ಒತ್ತಡ ನಷ್ಟದ ಕೇಸ್‌ನಲ್ಲಿ ಔಟ್‌ಲೆಟ್‌ನ ಸ್ಪರ್ಶ ದಿಕ್ಕಿನ ಯುಎಯನ್ನು ಲೆಕ್ಕ ಹಾಕುವಾಗ ಛೇದದಲ್ಲಿ ‘ಹೊರಮುಖ ವೇಗ ಕೂಡಿಸು ಸ್ನಿಗ್ಧತೆ ಭಾಗಿಸು ಸೆಲ್ ದೂರ’ ಎಂಬ ಮೊತ್ತ ಬರುತ್ತದೆ. ಹರಿವು ಹೊರಗೇ ಹೋಗುತ್ತಿದ್ದರೆ ಎರಡೂ ಧನ, ತೊಂದರೆಯಿಲ್ಲ. ಹಿಮ್ಮುಖ ಹರಿವಿನಲ್ಲಿ ವೇಗ ಋಣವಾಗಿ, ಯಾವುದೋ ಒಂದು ಫೇಸ್‌ನಲ್ಲಿ ಮೊತ್ತ ಸೊನ್ನೆಯ ಹತ್ತಿರ ಬಂದರೆ ಸಾಕು, ಭಾಗಾಕಾರ ಸಿಡಿಯುತ್ತದೆ.

ಛೇದಕ್ಕೆ ಕನಿಷ್ಠ ಮಿತಿ ಹಾಕಿ ಪಾರಾಗಲು ಕೆಲವರು ನೋಡುತ್ತಾರೆ. ತುರ್ತಿಗೆ ನಡೆಯುತ್ತದೆ, ಆದರೆ ಔಟ್‌ಲೆಟ್‌ನ ನಂತರ ಕೊಳವೆ ವ್ಯಾಸದ 5ರಿಂದ 10 ಪಟ್ಟು ನೇರ ಕೊಳವೆ ಸೇರಿಸಿ ಹಿಮ್ಮುಖ ಹರಿವನ್ನೇ ಇಲ್ಲವಾಗಿಸುವುದು ಸರಿಯಾದ ಕ್ರಮ. ಸೇರಿಸಿದ ಭಾಗದಲ್ಲಿ ಆಲ್ಫಾ ಬೆಳೆಯಲು ಬಿಡಬಾರದು. ಅಡ್ಜಾಯಿಂಟ್‌ಶೇಪ್‌ಆಪ್ಟಿಮೈಸೇಷನ್‌ಫೋಮ್ ಇನ್‌ಲೆಟ್ ಪಕ್ಕದ ಸೆಲ್‌ಗಳನ್ನು ಮಾತ್ರ ಸೊನ್ನೆ ಮಾಡುತ್ತದೆ. ನಿಮ್ಮ ಸೆಲ್‌ಝೋನ್‌ನ ಸೆಲ್ ಪಟ್ಟಿಯನ್ನು ಕೊಟ್ಟು ಅದೇ ಝೀರೋಸೆಲ್ಸ್ ಫಂಕ್ಷನ್ ಅನ್ನು ಇನ್ನೊಮ್ಮೆ ಕರೆಯುವ ಸಾಲನ್ನು ಸೇರಿಸಿ ಮತ್ತೆ ಕಂಪೈಲ್ ಮಾಡಿಕೊಳ್ಳಿ.

ಪ್ರಶ್ನೆ: ಗ್ರೇಡಿಯೆಂಟ್ ಸರಿಯಿದೆಯೇ ಎಂದು ಫೈನೈಟ್ ಡಿಫರೆನ್ಸ್‌ನಿಂದ ನೋಡಿದರೆ ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಬರುತ್ತದೆ. ಯಾವುದನ್ನು ನಂಬುವುದು?
— ಎಂ.ಟೆಕ್. ವಿದ್ಯಾರ್ಥಿ, ಬೆಂಗಳೂರು

ಉತ್ತರ: ಒಂದೇ ಹೆಜ್ಜೆಯ ಉತ್ತರವನ್ನು ನಂಬಬೇಡಿ. ಒಂದು ವಿನ್ಯಾಸ ಅಂಶವನ್ನು ಆರಿಸಿ, ಒಟ್ಟು ಉದ್ದದ 10⁻³, 10⁻⁴, 10⁻⁵, 10⁻⁶ ಭಾಗದಷ್ಟು ಎರಡೂ ಕಡೆಗೆ ಸರಿಸಿ ಸೆಂಟ್ರಲ್ ಡಿಫರೆನ್ಸ್ ತೆಗೆಯಿರಿ. ದೊಡ್ಡ ಹೆಜ್ಜೆಯಲ್ಲಿ ನಾನ್‌ಲೀನಿಯರ್ ದೋಷ, ಸಣ್ಣದರಲ್ಲಿ ಅಪೂರ್ಣ ಕನ್ವರ್ಜೆನ್ಸ್‌ನ ಗದ್ದಲ. ನಡುವೆ ಎರಡು ಹೆಜ್ಜೆಗಳ ಉತ್ತರ ಒಂದಕ್ಕೊಂದು ಹೊಂದಿದರೆ ಅದೇ ನಿಮ್ಮ ಸಂಖ್ಯೆ. ಪ್ರೈಮಲ್ ಅನ್ನು 10⁻¹⁰ರವರೆಗೆ ಇಳಿಸದಿದ್ದರೆ ಆ ಹೊಂದಾಣಿಕೆ ಸಿಗುವುದು ಕಷ್ಟ. ಮೆಶ್ ಅನ್ನು ಹೊಸದಾಗಿ ಮಾಡದೆ, ಇರುವುದನ್ನೇ ವಿರೂಪಗೊಳಿಸಿ ಬಳಸಿ. ಹೊಸ ಮೆಶ್‌ನ ಗದ್ದಲ ಆಕಾರದ ಪರಿಣಾಮವನ್ನು ಮುಳುಗಿಸುತ್ತದೆ.

ಡಿಸ್ಕ್ರೀಟ್ ಅಡ್ಜಾಯಿಂಟ್ (ಮೆಶ್‌ಗೆ ಇಳಿಸಿದ ಸಮೀಕರಣಗಳಿಂದಲೇ ಪಡೆದದ್ದು) ಆದರೆ ವ್ಯತ್ಯಾಸ ಶೇಕಡಾ 1ರ ಒಳಗಿರಬೇಕು. ಮೂಲ ಸಮೀಕರಣಗಳಿಂದ ಪಡೆದು ಆಮೇಲೆ ಮೆಶ್‌ಗೆ ಇಳಿಸುವ ಕಂಟಿನ್ಯೂಯಸ್ ಅಡ್ಜಾಯಿಂಟ್‌ಗೆ ಶೇಕಡಾ 5ರಿಂದ 10ರವರೆಗೆ ನಾವು ಒಪ್ಪುತ್ತೇವೆ, ಚಿಹ್ನೆ ಸರಿಯಿದ್ದರೆ ಮಾತ್ರ. ಚಿಹ್ನೆಯೇ ತಪ್ಪಿದರೆ ಮೊದಲ ಅನುಮಾನ ಫ್ರೋಜನ್ ಟರ್ಬುಲೆನ್ಸ್ ಮೇಲೆ. ಆಕಾರ ಬದಲಾದರೂ ಟರ್ಬುಲೆನ್ಸ್ ಬದಲಾಗದು ಎಂಬ ಈ ಊಹೆ, ಹರಿವು ಗೋಡೆ ಬಿಟ್ಟು ಬೇರ್ಪಡುವ ಕಡೆ ಕೈಕೊಡುತ್ತದೆ. ಸ್ಪಲಾರ್ಟ್-ಆಲ್ಮರಸ್ ಎಂಬ ಟರ್ಬುಲೆನ್ಸ್ ಮಾಡೆಲ್‌ನ ಅಡ್ಜಾಯಿಂಟ್ ಅನ್ನೂ ಬಿಡಿಸುವ ಆಯ್ಕೆ ಇರುವಲ್ಲಿ ಅದನ್ನೇ ಬಳಸಿ.

ಪ್ರಶ್ನೆ: ಎಸ್‌ಯು2 ಎಂಬ ಹರಿವಿನ ತಂತ್ರಾಂಶದಲ್ಲಿ ನಾಕಾ 0012 ರೆಕ್ಕೆಯ ಅಡ್ಡಕೊಯ್ತ, ಮ್ಯಾಕ್ 0.8, ಆಕಾರ ತಿದ್ದಲು 38 ಹಿಕ್ಸ್-ಹೆನ್ ಅಂಶಗಳು. ಟ್ಯುಟೋರಿಯಲ್ ಓಡುತ್ತದೆ. ಅದನ್ನೇ ಆರ್‌ಎಎನ್‌ಎಸ್ (ಟರ್ಬುಲೆನ್ಸ್‌ನ ಪರಿಣಾಮವನ್ನು ಸರಾಸರಿಯಾಗಿ ಹಿಡಿಯುವ ಲೆಕ್ಕ) ಮೆಶ್‌ಗೆ ಬದಲಿಸಿದಾಗ ಅಡ್ಜಾಯಿಂಟ್ ಕನ್ವರ್ಜ್ ಆಗುತ್ತದೆ, ಆದರೆ ಎರಡನೇ ವಿನ್ಯಾಸದಲ್ಲೇ ಋಣ ಗಾತ್ರದ ಸೆಲ್‌ಗಳು ಬಂದು ಪ್ರೈಮಲ್ ಸಿಡಿಯುತ್ತದೆ.
— ಕನ್ನಡಿಗ ಓದುಗ, ಸ್ಟಟ್‌ಗಾರ್ಟ್

ಉತ್ತರ: ಇಲ್ಲಿ ಅಡ್ಜಾಯಿಂಟ್ ನಿರಪರಾಧಿ, ಹೆಜ್ಜೆ ದೊಡ್ಡದಾಗಿದೆ. ಎಸ್‌ಯು2 ಬಳಸುವ ಎಸ್‌ಎಲ್‌ಎಸ್‌ಕ್ಯೂಪಿ ಎಂಬ ಆಪ್ಟಿಮೈಸರ್‌ಗೆ ಆರಂಭದಲ್ಲಿ ಉದ್ದೇಶ ಫಲನದ ಬಾಗಿನ ಬಗ್ಗೆ ಏನೂ ಗೊತ್ತಿರುವುದಿಲ್ಲ. ಅದು ಆ ಬಾಗನ್ನು ಹೇಳುವ ಹೆಸಿಯನ್ ಮ್ಯಾಟ್ರಿಕ್ಸ್ ಅನ್ನು ಐಡೆಂಟಿಟಿ ಎಂದಿಟ್ಟುಕೊಂಡು ಹೊರಡುತ್ತದೆ, ಅಂದರೆ ಮೊದಲ ಹೆಜ್ಜೆಯ ಉದ್ದ ಗ್ರೇಡಿಯೆಂಟ್‌ನ ಉದ್ದದಷ್ಟೇ. ಸ್ನಿಗ್ಧತೆಯನ್ನು ಬಿಟ್ಟ ಟ್ಯುಟೋರಿಯಲ್‌ನ ಯೂಲರ್ ಮೆಶ್‌ನಲ್ಲಿ ಅದು ನುಂಗಿಹೋಗುತ್ತದೆ. ಆರ್‌ಎಎನ್‌ಎಸ್ ಮೆಶ್‌ನ ಗೋಡೆಯ ಮೊದಲ ಪದರ ಕಾರ್ಡ್‌ನ (ರೆಕ್ಕೆಯ ಮುಂದಂಚಿನಿಂದ ಹಿಂದಂಚಿನವರೆಗಿನ ಉದ್ದ) 10⁻⁵ ಭಾಗದಷ್ಟು ತೆಳುವಾಗಿದ್ದರೆ, ಗೋಡೆ ಶೇಕಡಾ 1ರಷ್ಟು ಸರಿದರೂ ಅದು ಆ ಪದರದ ಸಾವಿರ ಪಟ್ಟು.

ಮೊದಲ ವಿನ್ಯಾಸದಲ್ಲಿ ಗೋಡೆ ಕಾರ್ಡ್‌ನ ಶೇಕಡಾ 0.1ರಿಂದ 0.5ರ ಒಳಗೆ ಸರಿಯುವಂತೆ ಉದ್ದೇಶ ಫಲನದ ಸ್ಕೇಲ್ ಮತ್ತು ಗ್ರೇಡಿಯೆಂಟ್ ಅಂಶವನ್ನು ತಗ್ಗಿಸಿ, ವಿನ್ಯಾಸ ಅಂಶಗಳಿಗೆ ಮೇಲಿನ ಕೆಳಗಿನ ಮಿತಿಗಳನ್ನೂ ಹಾಕಿ. ಮೆಶ್ ವಿರೂಪದಲ್ಲಿ ಬಿಗುವನ್ನು ಸೆಲ್ ಗಾತ್ರದ ವಿಲೋಮಕ್ಕೆ ಅಥವಾ ಗೋಡೆಯ ದೂರಕ್ಕೆ ಹೊಂದಿಸಿ. ಆಗ ಗೋಡೆಯ ಪದರಗಳು ಒಟ್ಟಾಗಿ ಸರಿದು, ಹಿಗ್ಗುಕುಗ್ಗುವಿಕೆ ದೂರದ ದೊಡ್ಡ ಸೆಲ್‌ಗಳಿಗೆ ಹೋಗುತ್ತದೆ. ವಿರೂಪವನ್ನು ಒಂದೇ ಸಲಕ್ಕೆ ಮಾಡದೆ ಹಲವು ಭಾಗಗಳಲ್ಲಿ ಮಾಡಿಸಿ. ಅದರ ಲೀನಿಯರ್ ಸಾಲ್ವರ್ ಗುರಿ ಮುಟ್ಟಿತೋ, ಇಟರೇಷನ್ ಮಿತಿ ಮುಗಿದು ನಿಂತಿತೋ ಎಂದು ಲಾಗ್‌ನಲ್ಲಿ ನೋಡಿ. ಬಹಳ ಜನ ಇದನ್ನು ನೋಡುವುದೇ ಇಲ್ಲ.

ಲಿಫ್ಟ್ ಮತ್ತು ದಪ್ಪಕ್ಕೆ ನಿರ್ಬಂಧ ಹಾಕಿದ್ದೀರಾ ಎಂದು ನೀವು ಬರೆದಿಲ್ಲ. ಹಾಕದಿದ್ದರೆ ಆಪ್ಟಿಮೈಸರ್ ಲಿಫ್ಟ್ ಅನ್ನು ಬಲಿಕೊಟ್ಟು ಡ್ರ್ಯಾಗ್ ಇಳಿಸುತ್ತದೆ. ಲಿಫ್ಟ್ ನಿರ್ಬಂಧಕ್ಕೆ ಪ್ರತಿ ವಿನ್ಯಾಸದಲ್ಲೂ ಇನ್ನೊಂದು ಅಡ್ಜಾಯಿಂಟ್ ರನ್ ಬೇಕಾಗುತ್ತದೆ. ದಪ್ಪ ಬರೀ ಜ್ಯಾಮಿತಿ, ಅದಕ್ಕೆ ಬೇಡ.

ಪ್ರಶ್ನೆ: ಎಲ್‌ಇಎಸ್ (ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ ವಿಧಾನ) ಹರಿವಿಗೆ ಅನ್‌ಸ್ಟೆಡಿ ಅಡ್ಜಾಯಿಂಟ್ ಓಡಿಸಿದರೆ ಕಾಲದಲ್ಲಿ ಹಿಂದೆ ಹೋದಂತೆ ಬೆಲೆಗಳು ಘಾತೀಯವಾಗಿ ಏರುತ್ತವೆ. ಟೈಮ್ ಸ್ಟೆಪ್ ಅರ್ಧ ಮಾಡಿದರೂ ಅಷ್ಟೇ.
— ಸಂಶೋಧಕ, ಬೆಂಗಳೂರು

ಉತ್ತರ: ಟೈಮ್ ಸ್ಟೆಪ್‌ಗೂ ಇದಕ್ಕೂ ಸಂಬಂಧವಿಲ್ಲ. ಹರಿವು ಕೇಯಾಟಿಕ್, ಆರಂಭದ ಅಣುವಿನಷ್ಟು ಬದಲಾವಣೆಯೂ ಅದರಲ್ಲಿ ಘಾತೀಯವಾಗಿ ಬೆಳೆಯುತ್ತದೆ, ಅಡ್ಜಾಯಿಂಟ್ ಅದನ್ನೇ ನಿಷ್ಠೆಯಿಂದ ತೋರಿಸುತ್ತಿದೆ. ಆದರೆ ನಿಮಗೆ ಬೇಕಿರುವುದು ದೀರ್ಘಕಾಲದ ಸರಾಸರಿ ಡ್ರ್ಯಾಗ್‌ನ ಗ್ರೇಡಿಯೆಂಟ್, ಅದು ಈ ದಾರಿಯಲ್ಲಿ ಸಿಗುವುದಿಲ್ಲ. ಲೀಸ್ಟ್ ಸ್ಕ್ವೇರ್ಸ್ ಶ್ಯಾಡೋಯಿಂಗ್ ಎಂಬ ವಿಧಾನ ಇದಕ್ಕೆಂದೇ ಇದೆ, ಆದರೆ ಕೈಗಾರಿಕಾ ಗಾತ್ರದ ಮೆಶ್‌ಗೆ ಅದರ ಖರ್ಚು ವಿಪರೀತ. ವಿನ್ಯಾಸವೇ ಗುರಿಯಾದರೆ ಆರ್‌ಎಎನ್‌ಎಸ್ ಅಡ್ಜಾಯಿಂಟ್‌ನಿಂದ ದಿಕ್ಕು ಪಡೆದು, ಆರಿಸಿದ ಎರಡು ಮೂರು ಆಕಾರಗಳನ್ನಷ್ಟೇ ಎಲ್‌ಇಎಸ್‌ನಲ್ಲಿ ಹೋಲಿಸಿ.